ಮೂರು ಕಲ್ಲಿನ ಗುಡಿ, ಒಂದು ಮೂಕಪ್ರಾಣಿ

ನಾ ಸುಮ್ನ ಕುಂತಷ್ಟೂ ನನ್ನ ಸುತ್ತ ಏನರ ಒಂದು ಆಗ್ತಿರ್ತೈತಿ. ಇದನ್ನೆಲ್ಲಾ ಯಾರಿಗೂ ಹೇಳಿಲ್ಲ. ಹೇಳಾಕ ಬಾಯಿ ಇದ್ದಿದ್ರ ಇವು ಆಗ್ತಿದ್ದೂ ಇಲ್ಲ.

ನಾ ಒಂಬತ್ತನೇ ಇಯತ್ತೆ ಹುಡುಗಿ. ಇತಿಹಾಸದ ಟೀಚರ್ ಅಂದ್ರು, "ನಮ್ಮ ಸುತ್ತಲಿನ ಮೂರು ಹಳೇ ಗುಡಿ ನೋಡ್ಕೊಂಡು ಬಾ. ಸೋಮವಾರ ಪ್ರಾರ್ಥನಾ ಮುಗದ ಮ್ಯಾಲ ಎಲ್ಲಾರ ಮುಂದ ಐದು ನಿಮಿಷ ಮಾತಾಡು. ಹಾಳಿ ನೋಡಿ ಓದಂಗಿಲ್ಲ."

ನೋಡೂದಂದ್ರ ನನಗ ಪ್ರಾಣ. ಮಾತಾಡೂದಂದ್ರ ಪ್ರಾಣ ಹೋಗ್ತೈತಿ. ಹಾಜರಿ ಕರದಾಗ ಸುದ್ದಾ ನಾ ಕೈ ಅಷ್ಟ ಎತ್ತಾಕಿ. ಬ್ಯಾಡಗ್ಯಾಗ ಮೆಣಸಿನಕಾಯಿ ವ್ಯಾಪಾರ ಮಾಡೂ ಮಾಮಾ ನನ್ನ "ಮೂಕಪ್ರಾಣಿ" ಅಂತನ ಕರಿತಾನ. ಆಯಿತವಾರ ಅವನಽ ಜೀಪ್ ತಂದ. ನಾನು, ಅವ್ವ, ಅವ್ವನ ಅವ್ವ ಆಯಿ ಹತ್ತಿದ್ವಿ.

"ಇವತ್ತ ನಮ್ಮ ಮುಂದ ಹೇಳಿ ರೂಢಿ ಮಾಡ್ಕೋ" ಅಂದ್ಲು ಅವ್ವ. ನಾ ತಲಿ ಅಲ್ಲಾಡಿಸಿದೆ.

೧. ಛತ್ತಿನ ಕಮಲ

ಲೈಬ್ರರ್ಯಾಗ ಒಂದು ಚಿತ್ರದ ಪುಸ್ತಕ ಐತಿ, ಇಟಲಿಯ ಒಂದು ಸಣ್ಣ ಊರಿನ ಚರ್ಚುಗಳದ್ದು. ಛತ್ತಿನ ತುಂಬ ರೆಕ್ಕಿ ಇದ್ದ ದೇವದೂತರು, ನೀರಾಗ ಈಸಾಡಿದಂಗ. ನೋಡಾಕ ಹೋದವ್ರು ನೆಲಕ್ಕ ಅಂಗಾತ ಮಲಗಿ ನೋಡ್ತಾರ. ಹಾವೇರಿ ಗುಡಿಯ ಛತ್ತಿನ್ಯಾಗ ಕಲ್ಲಿನ ಕಮಲ ಕಂಡ ಕೂಡ್ಲೆ ನಾನೂ ಹಂಗ ಮಲಗಿದೆ. ನೆಲ ತಣ್ಣಗಿತ್ತು. ನೋಡ್ಕೋತ ನೋಡ್ಕೋತ ಕಮಲ ಅರಳಾಕತ್ತಿತು, ಎಸಳು ಒಂದೊಂದ ಬಿಚ್ಕೊಂಡು ನನ್ನ ಕಡೆ ಇಳದು ಬರಾಕತ್ತಿದ್ವು.

"ಅಯ್ಯಯ್ಯ, ಹುಡುಗಿಗೆ ಫಿಟ್ಸ್ ಬಂತು!" ಅಂತ ಯಾರೋ ಚೀರಿದ್ರು.

"ಲಗೂನ ಮೂಗಿಗೆ ಚಪ್ಪಲಿ ಹಿಡೀರಿ!"

"ಗುಡಿಯೊಳಗ ಚಪ್ಪಲಿ ತರ್ತೀರೇನ್ರಿ?" ಅಂತ ಪೂಜಾರ್ರು ಅಡ್ಡ ನಿಂತ್ರು.

"ಹಂಗಾರ ಹುಡುಗೀನ ಚಪ್ಪಲಿ ಕಡೆ ಒಯ್ಯೂಣು, ಹಿಡೀರಿ!"

ನಾಕು ಮಂದಿ ನನ್ನ ಎತ್ಕೊಂಡು ಹೊಂಟ್ರು. ನನಗೇನೂ ಆಗಿಲ್ಲ ಅಂತ ಹೇಳಾಕ ನಾ ಹಾಜರಿಗೆ ಎತ್ತಿದಂಗ ಕೈ ಅಷ್ಟ ಎತ್ತಿದೆ. ಹೊರಗ ಒಬ್ಬ ಅಜ್ಜಾರು ತಮ್ಮ ಕಾಲಾಗಿನ ಚಪ್ಪಲಿ ತಗದು ಮೂಗಿಗೆ ಹಿಡದ್ರು. ಅಲ್ಲೀತನಕ ನಾ ಅರಾಮ ಇದ್ದೆ. ಎಚ್ಚರ ತಪ್ಪಿದ್ದು ಆಮ್ಯಾಲ.

೨. ತಂಪು

ಬ್ಯಾಡಗಿ ಕಡೆ ಹಳ್ಳ್ಯಾಗಿನ ಗುಡಿ ಇನ್ನೂ ಕತ್ತಲ, ಇನ್ನೂ ತಂಪು. ಕಂಬ ಕನ್ನಡಿಯಂಗ ನುಣ್ಣಗ, ಅದರಾಗ ನನ್ನ ಮುಖ ಯಾವುದೋ ಹಳೇ ಕಾಲದ ಹುಡುಗಿದ್ದಂಗ ಕಾಣ್ತಿತ್ತು. ಧೈರ್ಯ ಮಾಡಿ ಅಂದೆ, "ಮಾಮಾ, ಕಂಬ..."

ಎರಡು ಶಬ್ದ. ಮಾಮಾ ಕಂಬಕ್ಕ ಗಲ್ಲ ಹಚ್ಚಿ ಕಣ್ಣು ಮುಚ್ಚಿದ. ಇವಗೂ ಶಿಲ್ಪದ ಹುಚ್ಚು ಹತ್ತಿತು ಅಂತ ನನ್ನ ಕಣ್ಣಾಗ ನೀರು ಬಂತು.

"ಏನ್ ಥಂಡ ಐತಿ ಅಕ್ಕಾ!" ಅಂದ ಅವ್ವಗ. "ಕರೆಂಟ್ ಇಲ್ಲ, ಮಶೀನ್ ಇಲ್ಲ. ಇಲ್ಲಿ ಚೀಲ ಒಟ್ಟಿದ್ರ ಎರಡು ವರ್ಷ ಮೆಣಸಿನಕಾಯಿ ಬಣ್ಣ ಬಿಡಂಗಿಲ್ಲ. ಆಗಿನ ರಾಜರು ಎಂಥಾ ಕೋಲ್ಡ್ ಸ್ಟೋರೇಜ್ ಕಟ್ಯಾರ ನೋಡು!"

"ಅದನ್ನ ದೇವರಿಗೆ ಕಟ್ಟಿದ್ದೋ" ಅಂದ್ಲು ಅವ್ವ.

"ದೇವ್ರು ಒಂದು ಮೂಲ್ಯಾಗ ಇರ್ಲಿ ಬಿಡು, ಅವನೇನ್ ಜಾಗಾ ಭಾಳ ಹಿಡಿಯಂಗಿಲ್ಲ" ಅಂತ ಹೆಗಲ ಮ್ಯಾಲಿನ ಟಾವೆಲ್ ಝಾಡಿಸಿದ. ಟಾವೆಲ್ ತುಂಬ ಮೆಣಸಿನಕಾಯಿ ಘಾಟು. ಆರತಿ ಹಿಡದು "ಓಂ ನಮಃ ಶಿ..." ಅಂದಿದ್ದ ಪೂಜಾರ್ರಿಗೆ "ವಾಯ" ಅನ್ನಾಕ ಏಳು ಸೀನು ಬೇಕಾದ್ವು.

೩. ಖಾಲಿ ಗೂಡು

ರಾಣೆಬೆನ್ನೂರು ದಾಟಿ, ಹೊಳಿ ದಂಡಿ ಮ್ಯಾಲಿನ ಗುಡಿ. ಮೂರನೇ ಗುಡಿ ಬಂತು, ನಾ ಇನ್ನೂ ಮೂರನೇ ಶಬ್ದಕ್ಕ ಬಂದಿರ್ಲಿಲ್ಲ.

ಒಬ್ಬಾಕಿನ ರೂಢಿ ಮಾಡೂಣಂತ ಒಳಗಿನ ಮಂಟಪಕ್ಕ ಹೋದೆ. ಗ್ವಾಡ್ಯಾಗ ಒಂದು ದೊಡ್ಡ ಗೂಡು, ಅದರೊಳಗಿನ ಮೂರ್ತಿ ಯಾವಾಗೋ ಹೋಗಿ ಖಾಲಿ. ಕಾಲು ಮಡಚಿ ಅದರಾಗ ಕುಂತೆ. ಹೊರಗ ಹೊಳಿ ಸಪ್ಪಳ. ಎದುರಿನ ಕಲ್ಲಿನ ಹೆಣ್ಣುಮಗಳು ಕುಣಿಯೂದು ನಿಲ್ಲಿಸಿ ನನ್ನ ಮಾತಿಗೆ ಕಾಯಾಕತ್ತಾಳ ಅನ್ನಿಸ್ತು. "ಎಲ್ಲಾರಿಗೂ ನಮಸ್ಕಾರ" ಅಂತ ತುಟಿ ಅಷ್ಟ ಆಡಿಸಿದೆ.

ಅಷ್ಟರಾಗ ಆಯಿ ಬಂದ್ಲು. ಒಂದು ಕಣ್ಣಿಗೆ ಪೊರೆ; ಬಿಸಲಾಗಿಂದ ಬಂದಾಕಿಗೆ ಇನ್ನೊಂದ್ರಾಗೂ ಕತ್ತಲ. ಕೈಗೆ ಸಿಕ್ಕ ಮೂರ್ತಿಗೆಲ್ಲಾ ವಿಭೂತಿ ಹಚ್ಕೋತ ಬಂದು, ನನ್ನ ಹಣಿಗೂ ಮೂರು ಬೆರಳು ಎಳದ್ಲು. ಬೆರಳು ನನ್ನ ಕಣ್ಣಿನ ಚಾಳೀಸಕ್ಕ ತಾಗಿ, ಬೂದಿ ಅದರ ಗಾಜಿನ ಮ್ಯಾಲ ಉದುರಿ ಜಗತ್ತೆಲ್ಲಾ ಮಂಜಿನಾಗ ಮುಳುಗಿತು. "ನಾನಽ ಆಯಿ" ಅನ್ನೂದ್ರಾಗ ಆಕಿ ಕೈ ಮುಗದು ಶುರು ಮಾಡಿದ್ಲು.

"ಯಪ್ಪಾ, ನನ್ನ ಮೊಮ್ಮಗಳು ಭಾಳ ಶಾಣೆ ಐತಿ. ಬಾಯಿ ಒಂದು ಇಲ್ಲ. ನಾಳೆ ಎಲ್ಲಾರ ಮುಂದ ಮಾತಾಡ್ಬೇಕಂತ, ಮೂರು ದಿನದಿಂದ ಅದಕ್ಕ ರೊಟ್ಟಿ ಸೇರವಲ್ದು. ಮಾತಾಡಸ್ತಿ ಹೌದಿಲ್ಲೋ?"

ನನ್ನ ಬಾಯಿಂದ ತಾನಽ "ಹೂಂ" ಬಂತು. ಸೊಳ್ಳಿ ದನಿ.

ಆಯಿ ಹೆದರ್ಲಿಲ್ಲ. ಕಿವಿ ಮುಂದ ತಂದ್ಲು. "ಏನಂದಿ? ದೇವರಾಗಿ ಹಿಂಗ ಗೊಣಗಿದ್ರ ಮಂದಿಗೆ ಹೆಂಗ ಕೇಳಬೇಕು? ಜೋರ ಹೇಳೋ!"

"ಹೂಂ! ಮಾತಾಡ್ತಾಳ!" ಅಂತ ಚೀರಿದೆ.

ಪಾರಿವಾಳ ಬುರ್ರಂತ ಎದ್ವು. ನನ್ನ ದನಿ ಕಂಬ ಕಂಬ ಸುತ್ತಿ, ಹೊಳಿ ಕಡೆ ಹೋಗಿ, ಮತ್ತ ನನ್ನ ಹತ್ರ ಬಂತು. ಅಷ್ಟು ದೊಡ್ಡದು ನನ್ನೊಳಗ ಇತ್ತಂತ ನನಗೂ ಗೊತ್ತಿರ್ಲಿಲ್ಲ. ಆಯಿ "ಹಾಂ, ಹಿಂಗ" ಅಂದು ಹೊರಗ ಹೋದ್ಲು.

ಸೋಮವಾರ ನಾ ಮಾತಾಡಿದೆ. ಟೀಚರ್ "ಸಾಕು ಕುಂದ್ರವಾ, ಗಣಿತದ ಪೀರಿಯಡ್ ಹೊಂಟೈತಿ" ಅನ್ನೂತನಕ ಮಾತಾಡಿದೆ. ಸಂಜಿಕ ಮಾಮಾ ಮನಿಗೆ ಬಂದು ಆಯೀನ ಕೇಳಿದ, "ಯವ್ವಾ, ನಿನ್ನೆ ಜೀಪಿನ್ಯಾಗ ಹೇಳಿದ್ಯಲ್ಲಾ, ಖರೇನ ಆ ದೇವ್ರು ಮಾತಾಡ್ತೇನು? ಹೆಂಗಿತ್ತದು?"

ಆಯಿ ನನ್ನ ಕಡೆ ನೋಡ್ಲಿಲ್ಲ. ಎಲಿ ಅಡಿಕಿ ಬಾಯಿಗೆ ಹಾಕ್ಕೊಂಡ್ಲು.

"ಸಣ್ಣ ದೇವ್ರಪಾ. ಭಾಳ ಓದಿರ್ಬೇಕು, ಈಗಽ ಚಾಳೀಸ ಬಂದಾವ ಅದಕ್ಕ."