ಆಕಾಶಕ್ಕೆ ಹೋಗಿ ಬಂದ ಬೈಗುಳ

ಈ ಸಲದ ಸಮಾರಾಧನೆಗೆ ಹೋದಾಗ ಮಾವನ ಮನೆಯವರೆಲ್ಲರ ಬಾಯಿ ಮುಚ್ಚಿಸಿಯೇ ಬರುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಆದೋನಿಯ ನಮ್ಮ ಮನೆಯ ಮಾಳಿಗೆಯ ಮೇಲೆ, ಕೈಯಲ್ಲಿ ಏರಿಯಲ್ ಹಿಡಿದು, ಆಕಾಶವನ್ನೇ ಸಾಕ್ಷಿಯಾಗಿಟ್ಟುಕೊಂಡು! ಆದರೆ ಸಾಕ್ಷಿ ಹೇಳುವ ಹೊತ್ತು ಬಂದಾಗ ಆಕಾಶ ನನ್ನ ಹೆಂಡತಿಯ ಪಕ್ಷ ವಹಿಸಿತು.

ನಾನು ಹಗಲೆಲ್ಲ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಗುಮಾಸ್ತ, ಉಳಿದ ಹೊತ್ತಿನಲ್ಲಿ ಹವ್ಯಾಸಿ ರೇಡಿಯೋದವನು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ಸ್ವಂತ ಸೆಟ್ಟು ಕಟ್ಟಿ ಲೋಕದ ಮಂದಿಯ ಜೊತೆ ಮಾತಾಡುವ ಹುಚ್ಚು ಅದು. ಸಾವಿರದ ಒಂಬೈನೂರ ಎಂಬತ್ತೆಂಟರ ಹೊತ್ತಿಗೆ ನನ್ನ ಹುಚ್ಚು ಭೂಮಿ ಬಿಟ್ಟು ಮೇಲಕ್ಕೇರಿತ್ತು. ನಮ್ಮಂಥವರಿಗಾಗಿ ರಷ್ಯದವರು ಒಂದು ಉಪಗ್ರಹ ಹಾರಿಸಿದ್ದರು. ಅದು ನಮ್ಮ ಮೇಲೆ ಹಾದುಹೋಗುವ ಕಾಲು ಗಂಟೆಯಷ್ಟು ಹೊತ್ತು, ನಾವು ಕೆಳಗಿನಿಂದ ಆಡಿದ ಮಾತನ್ನು ಹಿಡಿದು ಮತ್ತೆ ಭೂಮಿಗೆ ಕಳಿಸುತ್ತದೆ. ಎಲ್ಲೋ ಸಾವಿರಾರು ಮೈಲಿ ಆಚೆಯವನಿಗೂ ಅದು ಕೇಳುತ್ತದೆ. ಆಡಿದವನ ಕಿವಿಗೂ ತನ್ನದೇ ದನಿ ಆಗಿಂದಾಗಲೇ ಮರಳಿ ಬಂದು ಬೀಳುತ್ತದೆ.

ಮಾವನವರ ಊರು ಹಾಲಹರವಿಯ ಹತ್ತಿರದ ಹಳ್ಳಿ. ಅಲ್ಲಿ ನನಗೆ ‘ತಂತಿ ಅಳಿಯ’ ಎಂದು ಬಿರುದು. ಬೇರೆ ಅಳಿಯಂದಿರು ಊರಿಗೆ ಬಂದರೆ ಹೊಲ, ಮಳೆ, ಮದುವೆಯ ಮಾತಾಡುತ್ತಾರಂತೆ, ನಾನು ಬಂದರೆ ಮೊಳೆ ಎಲ್ಲಿ ಹೊಡೆಯಲಿ ಎಂದು ಗೋಡೆ ನೋಡುತ್ತೇನಂತೆ. ಈ ಅಪವಾದವನ್ನು ತೊಳೆದುಕೊಳ್ಳಲು ವರ್ಷಕ್ಕೊಮ್ಮೆ ನಡೆಯುವ ವೆಂಕಟೇಶ ಸಮಾರಾಧನೆಗಿಂತ ಒಳ್ಳೆಯ ದಿನ ಯಾವುದು? ಬಂಧುಬಳಗವೆಲ್ಲ ಸೇರಿರುತ್ತದೆ, ಊರವರು ಊಟಕ್ಕೆ ಬಂದಿರುತ್ತಾರೆ. ಅವರೆಲ್ಲರ ಮುಂದೆ ಮಾಳಿಗೆಯ ಮೇಲೆ ನಿಂತು ಪರದೇಶದವನನ್ನು ಮಾತಾಡಿಸಿಬಿಡಬೇಕು!

ನನ್ನ ಹೆಂಡತಿ ಸಕ್ಕೂಬಾಯಿಗೆ ಬೇರೆಯದೇ ಚಿಂತೆ. ಆಕೆಯ ತಂದೆ ರಾಘಣ್ಣನವರು ಶಾಸ್ತ್ರ ಓದಿದವರು. ಒಂದು ಕಾಲಕ್ಕೆ ಅವರ ಪುರಾಣ ಕೇಳಲು ಸುತ್ತಿನ ಊರವರು ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಈಚೆಗೆ ಕಿವಿ ಪೂರ್ತಿ ಮಂದವಾಗಿತ್ತು. ಜನ ಸೇರಿದರೆ ಸಾಕು, ದೇವರ ಕೋಣೆಯ ಮೂಲೆಗೆ ಸರಿದು ಕೂತುಬಿಡುತ್ತಿದ್ದರು. ಯಾರು ಏನು ಕೇಳಿದರೂ “ಹೂಂ, ಆಗಲಿ” ಎಂಬ ಒಂದೇ ಉತ್ತರ. ಕರ್ನೂಲಿನ ಡಾಕ್ಟರು ಕಿವಿಗಿಡುವ ಮಿಷನ್ ತೋರಿಸಿದರೆ, ಅದನ್ನು ಇಟ್ಟುಕೊಂಡು ಪುರಾಣ ಹೇಳಲೇನು ಎಂದು ಎದ್ದು ಬಂದಿದ್ದರು.

ಹೊರಡುವ ಹಿಂದಿನ ದಿನ ಸಕ್ಕೂ ನನ್ನೆದುರು ಬಂದು ನಿಂತಳು.

“ನಿಮ್ಮ ಆಟ ಏನರೆ ಆಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಅಪ್ಪನ್ನ ಮಾತ್ರ ಮುಂದ ಕೂಡಿಸ್ರಿ. ಅವರು ಮೂಲಿ ಹಿಡಿದು ಕೂತದ್ದು ನೋಡಿದ್ರ ನನಗ ಅನ್ನ ಇಳಿಯೂದಿಲ್ಲ.”

ಕಿವಿ ಕೇಳದವರನ್ನು ಮುಂದೆ ಕೂಡಿಸಿ ರೇಡಿಯೋ ತೋರಿಸುವುದು ಹೇಗೆ ಎಂದು ನನಗೆ ಹೊಳೆಯಲಿಲ್ಲ. ತಂತಿ ಸುತ್ತುತ್ತಲೇ “ಹೂಂ, ಆಗಲಿ” ಎಂದೆ, ಥೇಟು ಮಾವನವರಂತೆ.

ಬಸ್ಸಿನಲ್ಲಿ ಕಂಡಕ್ಟರು ನನ್ನ ಏರಿಯಲ್ ನೋಡಿ ಟೀವಿಯದೇನು ಎಂದು ಕೇಳಿದ. ಇದು ಟೀವಿಗಿಂತ ದೊಡ್ಡದು ಎಂದು ನಾನು ಗತ್ತಿನಿಂದ ಹೇಳಿದ್ದೇ ತಪ್ಪಾಯಿತು. ನನಗಿಂತ ಮೊದಲು ಆ ಮಾತು ಊರು ಮುಟ್ಟಿ, ಅಳಿಯ ದೊಡ್ಡ ಟೀವಿ ತಂದಿದ್ದಾನೆ ಎಂದು ಮನೆಮನೆಯಲ್ಲೂ ಸುದ್ದಿಯಾಯಿತು.

ಆ ಸಂಜೆ ಮಾಳಿಗೆಯ ಎರಡು ತುದಿಗೆ ಬಿದಿರು ನೆಟ್ಟು, ನಡುವೆ ಫಳಫಳ ಹೊಳೆಯುವ ಹೊಸ ತಾಮ್ರದ ತಂತಿ ಬಿಗಿದೆ. ಉಪಗ್ರಹದ ದನಿಯನ್ನು ಹಿಡಿಯುವುದು ಈ ತಂತಿಯ ಕೆಲಸ. ಯಾರ ಕೈಗೂ ಎಟುಕಬಾರದೆಂದು ಆಳೆತ್ತರಕ್ಕಿಂತ ಮೇಲೆ ಕಟ್ಟಿದೆ. ನಾವು ಮಾತು ಕಳಿಸುವುದಕ್ಕೆ ಬೇರೆ ಏರಿಯಲ್ ಇತ್ತು. ಅದನ್ನು ಕೈಯಲ್ಲೇ ಹಿಡಿದು ಉಪಗ್ರಹ ಹೋದತ್ತ ತಿರುಗಿಸುತ್ತಿರಬೇಕು. ಎಲ್ಲ ಸಿದ್ಧವಾಗಿದೆ ಎಂದು ಸಮಾಧಾನದಿಂದ ಮಲಗಿದೆ.

ಬೆಳಿಗ್ಗೆ ಮಾಳಿಗೆ ಹತ್ತಿ ನೋಡುತ್ತೇನೆ, ನನ್ನ ತಂತಿಯ ಉದ್ದಕ್ಕೂ ಒಂಬತ್ತು ಗಜದ ಹಸಿ ಸೀರೆ!

ಅದು ಮಾವನವರ ಅಕ್ಕ ಅಂಬೂಬಾಯಿಯವರ ಮಡಿ ಸೀರೆ. ಮಡಿಯಲ್ಲಿಲ್ಲದವರು ಬೆರಳು ತಾಗಿಸಿದರೂ ಕೆಟ್ಟಿತು. ಅದು ಒಣಗಬೇಕು, ಅದನ್ನು ಉಟ್ಟು ಅವರು ನೈವೇದ್ಯದ ಅಡಿಗೆಗೆ ಇಳಿಯಬೇಕು, ಆಮೇಲೆ ಊರಿಗೆಲ್ಲ ಊಟ. ಹಸಿ ಸೀರೆ ಹೊತ್ತ ತಂತಿಯೋ ಹಗ್ಗದ ಹಾಗೆ ಜೋತುಬಿದ್ದಿತ್ತು. ಅಂಬೂಬಾಯಿಯವರು ಕೈಯಲ್ಲಿ ಮಡಿಕೋಲು ಹಿಡಿದು, ಮುಖ ಅರಳಿಸಿಕೊಂಡು ನಿಂತಿದ್ದರು.

“ಕಡೀಕೂ ಅಳಿಯಂದ್ರು ಮನಿಗೆ ಒಂದು ಉಪಯೋಗದ ಕೆಲಸ ಮಾಡ್ಯಾರ ನೋಡು. ಎಷ್ಟು ಛಂದ ಮಡಿ ತಂತಿ ಕಟ್ಟೀರಿ, ಒಬ್ಬರ ಕೈಗೂ ಸಿಗೂದಿಲ್ಲ. ನೂರು ವರ್ಷ ಬಾಳ್ರಿ.”

ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ! ಇದು ಏರಿಯಲ್ಲು, ಸೀರೆ ತೆಗೆಯಿರಿ ಎನ್ನಲು ನಾಲಿಗೆ ಏಳಲಿಲ್ಲ. ಕೈಮುಗಿದು ಕೆಳಗಿಳಿದು ಬಂದೆ.

ಉಪಗ್ರಹವೇನು ಸೀರೆ ಒಣಗುವ ತನಕ ಕಾಯುತ್ತದೆಯೇ? ಸಕ್ಕೂಬಾಯಿಗೆ ಗುಟ್ಟಾಗಿ ಹೇಳಿದೆ. ಆಕೆ ಒಲೆಯ ಮುಂದೆ ನಕ್ಕೂ ನಕ್ಕೂ ಕೂತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ದಾರಿ ತೋರಿಸಿದಳು. ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ಹೋಗಿ ಮಡಿಕೋಲಿನಿಂದ ಸರಿಸಿದರೆ ಸೀರೆಯ ಮಡಿ ಕೆಡುವುದಿಲ್ಲವಂತೆ. ಸೋದರತ್ತೆಗೆ ತಾನು ಹೇಗಾದರೂ ಹೇಳಿಕೊಳ್ಳುತ್ತೇನೆ ಎಂದಳು.

ಮಾರ್ಗಶಿರದ ಚಳಿ. ಬಾವಿಯ ನೀರು. ವಿಜ್ಞಾನಕ್ಕಾಗಿ ನಾನು ಇದನ್ನೂ ಸಹಿಸಿದೆ! ಕೋಲಿನ ತುದಿಯಿಂದ ಸೀರೆಯನ್ನು ಮೊಳ ಮೊಳವಾಗಿ ಪಕ್ಕದ ಗಳಕ್ಕೆ ಸಾಗಿಸುವಷ್ಟರಲ್ಲಿ ಮಾಳಿಗೆಯ ತುಂಬ ಜನ. ಪಂಚೆ ಬದಲಿಸಲು ಹೊತ್ತೆಲ್ಲಿ? ಮೈಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಸೆಟ್ಟಿನ ಮುಂದೆ ಕೂತೆ.

ಕರೆಂಟಿನ ಭರವಸೆಯಿಲ್ಲದ್ದರಿಂದ ಒಕ್ಕಲಿನ ಎರ್ರಿಸ್ವಾಮಿ ತನ್ನ ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತು ತಂದಿದ್ದ. ಅದನ್ನು ಇಳಿಸಿ ನನ್ನ ಸೆಟ್ಟನ್ನು ಸುತ್ತು ಹಾಕಿ ನೋಡಿದ.

“ಬೊಮ್ಮ ಎಪ್ಪುಡು ವಸ್ತುಂದಿ ಸ್ವಾಮಿ?”

ಚಿತ್ರ ಬರುವುದಿಲ್ಲ, ದನಿ ಮಾತ್ರ ಎಂದು ತಿಳಿಸಿ ಹೇಳಿದೆ.

“ದನೀನಾ? ದನಿ ನಮ್ಮ ಮನ್ಯಾಗಿನ ರೇಡಿಯಾದಾಗೂ ಬರ್ತೈತಿ ಬಿಡ್ರಿ,” ಎಂದು ಅವನು ನನ್ನ ಮೇಲೆ ಕನಿಕರ ತೋರಿಸಿದ. ಹೆಂಗಸರು ಕೆಲವರು ಎದ್ದು ಕೆಳಗೆ ಹೋದರು.

ನನಗಿದ್ದದ್ದು ಎರಡೇ ಕೈ. ಬಲಗೈಯಲ್ಲಿ ಏರಿಯಲ್, ಎಡಗೈಯಲ್ಲಿ ಸೆಟ್ಟಿನ ತಿರುಗುಣಿ. ಮಾತಾಡುವಾಗ ಮೈಕಿನ ಗುಂಡಿ ಒತ್ತಿ ಹಿಡಿಯಲು ಮೂರನೆಯ ಕೈ ಬೇಕಲ್ಲ? ಗುಂಡಿಗೆ ರಬ್ಬರ್ ಬ್ಯಾಂಡ್ ಬಿಗಿದು, ಮೈಕನ್ನು ದಾರದಿಂದ ಕೊರಳಿಗೆ ಕಟ್ಟಿಕೊಂಡೆ. ಅಂದರೆ ಮೈಕು ಸದಾ ತೆರೆದೇ ಇತ್ತು. ಇನ್ನು ಕೇಳಿಸಿಕೊಳ್ಳಲು ಹೆಡ್‌ಫೋನ್ ಒಂದೇ. ಸ್ಪೀಕರ್ ಹಾಕಿದರೆ ಅದರ ದನಿ ಮೈಕಿಗೆ ಹೊಕ್ಕು ಕಿರುಚಾಟ ಶುರುವಾಗುತ್ತದೆ. ಹಾಗಾಗಿ ಮಂದಿ ಒಬ್ಬೊಬ್ಬರಾಗಿ ಕೇಳಬೇಕು. ಸರಪಂಚರು ಮೊದಲು, ಪೋಸ್ಟ್‌ಮಾಸ್ತರರು ಆಮೇಲೆ ಎಂದು ಮರ್ಯಾದೆಯ ಕ್ರಮವನ್ನು ಮನಸ್ಸಿನಲ್ಲೇ ಹಾಕಿಕೊಂಡಿದ್ದೆ.

ಮಾವನವರನ್ನು ನಾನು ಮರೆತಿದ್ದೆ. ಸಕ್ಕೂಬಾಯಿಯೇ ಕೈಹಿಡಿದು ಕರೆತಂದು ಮುಂದಿನ ಕುರ್ಚಿಯಲ್ಲಿ ಕೂಡಿಸಿದ್ದಳು. ಶಾಲು ಹೊದ್ದು, ಎಲ್ಲರ ಮುಖವನ್ನೂ ನೋಡುತ್ತ, ಯಾರೂ ಏನೂ ಕೇಳದಿದ್ದರೂ ಆಗಾಗ “ಹೂಂ, ಆಗಲಿ” ಅನ್ನುತ್ತಿದ್ದರು.

ಲೆಕ್ಕದ ಹೊತ್ತಿಗೆ ಉಪಗ್ರಹ ದಿಗಂತದ ಮೇಲಕ್ಕೆ ಏರಿತು. ಕರೆ ಕೊಟ್ಟೆ. ತಿರುಗುಣಿ ಆಡಿಸುತ್ತಿದ್ದಂತೆ ಮೊದಲು ಬಾತುಕೋಳಿ ಅರಚಿದಂಥ ದನಿ, ಆಮೇಲೆ ಸಾಕ್ಷಾತ್ ನನ್ನದೇ ದನಿ! ಚಳಿಗೆ ನನ್ನ ಹಲ್ಲು ಕಟಕಟ ಎನ್ನುವುದು ಕೂಡ ಬಾಹ್ಯಾಕಾಶದಿಂದ ಸ್ಪಷ್ಟವಾಗಿ ಮರಳಿ ಬಂತು. ಮತ್ತೊಮ್ಮೆ ಕರೆದೆ. ಆಗ ದೂರದಲ್ಲೊಬ್ಬ ಉತ್ತರ ಕೊಟ್ಟ. ತಾಷ್ಕೆಂಟಿನವನು!

“ತಾಷ್ಕೆಂಟ್!” ಎಂದು ಕೂಗಿ, ಎಡಗೈಯಿಂದ ಹೆಡ್‌ಫೋನ್ ತೆಗೆದು ಸರಪಂಚರ ಕಡೆಗೆ ಚಾಚಿದೆ. ಅಷ್ಟರಲ್ಲಿ ಸಕ್ಕೂಬಾಯಿ ನಡುವೆ ನುಗ್ಗಿ ಅದನ್ನು ಕಸಿದು, ನೇರವಾಗಿ ತನ್ನ ತಂದೆಯ ಕಿವಿಗಳಿಗೆ ಹಾಕಿದಳು. ಹಾಕಿ ನನ್ನ ಕಡೆ ತಿರುಗಿದಳು. ಆಕೆಯ ಬಾಯಿಗೂ ನನ್ನ ಕೊರಳಿನ ಮೈಕಿಗೂ ನಡುವೆ ಒಂದು ಗೇಣು.

“ನಾ ನಿಮಗ ಏನು ಹೇಳಿದ್ದೆ? ಊರ ಮಂದಿ ಎಲ್ಲಾ ಕಾಣಸ್ತಾರ, ನಮ್ಮಪ್ಪ ಕಾಣಸೂದಿಲ್ಲೇನು? ಅವರಿಗೆ ಕೇಳಸೂದಿಲ್ಲಂತ ನೀವೇ ಯಾಕ ತೀರ್ಮಾನ ಮಾಡ್ತೀರಿ?”

ಪರವಾನಗಿಯಿಲ್ಲದವರು ಮೈಕಿನಲ್ಲಿ ಮಾತಾಡುವುದು ಕಾನೂನಿಗೆ ವಿರುದ್ಧ! ತಡೆಯಲು ನಾನು ಬಾಯಿ ಬಿಟ್ಟರೆ ಅದೂ ಮೇಲಕ್ಕೆ ಹೋಗುತ್ತದೆ. ಸುಮ್ಮನಿರು, ಮೈಕು ತೆರೆದಿದೆ ಎಂದು ಎಡಗೈಯಿಂದ ಸನ್ನೆ ಮಾಡಿದೆ.

“ಕೈ ಏನು ಅಲ್ಲಾಡಸ್ತೀರಿ? ಮುಗಿಲಾಗ ಯಾವನೋ ಏನೋ ಅಂದದ್ದು ನಿಮಗ ಕೇಳಸ್ತದ. ಮಗ್ಗಲಾಗ ಕೂತ ಹಿರಿಮನಿಶ್ಯಾ ಮಾತಿಲ್ಲದ ಸೊರಗಲಿಕ್ಕ ಹತ್ಯಾರ, ಅದು ಮಾತ್ರ ಕೇಳಸೂದಿಲ್ಲ.”

ಬೈಸಿಕೊಳ್ಳುತ್ತಲೇ ನನ್ನ ಬಲಗೈ ತಾನಾಗಿ ಏರಿಯಲ್ಲನ್ನು ಉಪಗ್ರಹದತ್ತ ತಿರುಗಿಸುತ್ತಿತ್ತು. ಅಭ್ಯಾಸಬಲ! ನನ್ನ ಹೆಂಡತಿಯ ಬೈಗುಳ ಒಂದಕ್ಷರವೂ ಸೋರದೆ ಮೇಲೆ ಹೋಗಿ ತಾಷ್ಕೆಂಟಿಗೂ ಮದ್ರಾಸಿಗೂ ಹಂಚಿಹೋಗುತ್ತಿತ್ತು.

ಆಗ ಮಾವನವರು ಕುರ್ಚಿಯಿಂದ ಮೆಲ್ಲಗೆ ಎದ್ದು ನಿಂತರು. ಎರಡೂ ಕೈ ಕಿವಿಯ ಮೇಲಿದ್ದವು.

“ಸಕ್ಕೂ,” ಎಂದರು. “ಅಳಿಯಂದ್ರಿಗೆ ಮಂದ್ಯಾಗ ಹಂಗ ಅನಬಾರದವ್ವಾ.”

ಸಕ್ಕೂಬಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು.

“ಅಪ್ಪಾ, ನಾ ಅಂದದ್ದು ಕೇಳಿಸ್ತೇನು?”

“ಎಲ್ಲಾ ಕೇಳಿಸ್ತು. ಸಣ್ಣಾಕಿದ್ದಾಗ ಹಿಂಗ ಜಗಳಾಡ್ತಿದ್ದಿ. ಎಷ್ಟು ದಿನ ಆತು ನಿನ್ನ ದನಿ ಕೇಳಿ.”

ಸಕ್ಕೂಬಾಯಿ ಎಲ್ಲರೆದುರು ಅತ್ತುಬಿಟ್ಟಳು. ಕಾನೂನಿಗೆ ಮನಸ್ಸಿನಲ್ಲೇ ಕೈಮುಗಿದು ಮೈಕನ್ನು ಕೊರಳಿಂದ ತೆಗೆದು ಆಕೆಯ ಕೈಗೆ ಕೊಟ್ಟೆ. ಉಪಗ್ರಹ ಇಳಿಯುವ ತನಕ ಮಗಳು ಕೇಳಿದಳು, ತಂದೆ ಉತ್ತರ ಕೊಟ್ಟರು. ನಿದ್ದೆ ಬರುತ್ತದೆಯೇ, ಮೊಣಕಾಲು ಹೇಗಿದೆ, ಆದೋನಿಗೆ ಬಂದು ನಮ್ಮಲ್ಲಿ ನಾಲ್ಕು ದಿನ ಇರಬಾರದೇ. ಅವರು ಒಮ್ಮೆಯೂ “ಹೂಂ, ಆಗಲಿ” ಅನ್ನಲಿಲ್ಲ. ಆದೋನಿಗೆ ಬರುವ ಮಾತಿಗಾದರೂ ಅನ್ನಲಿಲ್ಲವೆಂದು ಸಕ್ಕೂ ಮತ್ತೊಂದು ಸಣ್ಣ ಜಗಳವನ್ನೂ ತೆಗೆದಳು. ನಾನು ಒದ್ದೆ ಪಂಚೆಯಲ್ಲಿ ನಡುಗುತ್ತ ಏರಿಯಲ್ ಹಿಡಿದು ನಿಂತೇ ಇದ್ದೆ. ತಾಷ್ಕೆಂಟಿನವನು ಪಾಪ, ಎಷ್ಟು ಹೊತ್ತು ಕಾದನೋ ಗೊತ್ತಿಲ್ಲ.

ಕಡೆಗೆ ಹೆಡ್‌ಫೋನಿನಲ್ಲಿ ಬರೀ ಸುಯ್ ಎನ್ನುವ ಸದ್ದು ಉಳಿಯಿತು.

“ಹೋತು,” ಎಂದರು ಮಾವನವರು. ಅವರ ಮುಖ ಮತ್ತೆ ಮೊದಲಿನಂತಾಯಿತು.

ಸಕ್ಕೂಬಾಯಿ ಗಾಬರಿಯಿಂದ, ಅದು ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದಳು. ನಾಲ್ಕು ತಾಸಾದರೂ ಬೇಕೇನೋ, ಬಂದರೂ ಕಾಲು ಗಂಟೆಯೇ ಎಂದು ಒಪ್ಪಿಕೊಂಡೆ. ಆ ಹೊತ್ತಿಗೆ ಸೀರೆ ಒಣಗಿತೇ ಎಂದು ನೋಡಲು ಮಾಳಿಗೆ ಹತ್ತುತ್ತಿದ್ದ ಅಂಬೂಬಾಯಿಯವರು ಎಲ್ಲ ಕೇಳಿಸಿಕೊಂಡು ಮೆಟ್ಟಿಲ ಮೇಲೇ ನಿಂತರು.

“ಅಲ್ರೀ, ಅಪ್ಪ ಇಲ್ಲೇ ಇದ್ದಾನ, ಮಗಳು ಇಲ್ಲೇ ಇದ್ದಾಳ. ನಡುವಿನ ಮಾತು ಆಕಾಶಕ್ಕ ಹೋಗೇ ಬರಬೇಕೇನು?”

ಪರೀಕ್ಷೆ ಪಾಸು ಮಾಡಿದ ನನಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು!

ಊಟವಾದ ಮೇಲೆ ಬಚ್ಚಲ ಒಲೆಯ ಕೆಂಡದಲ್ಲಿ ಬೆಸುಗೆಯ ಕಡ್ಡಿ ಕಾಸಿ, ನನ್ನ ಸೆಟ್ಟನ್ನು ನಾನೇ ಬಿಚ್ಚಿದೆ. ದನಿ ಹೆಚ್ಚಿಸುವ ಭಾಗವನ್ನು ಖಾಲಿ ಬಿಸ್ಕತ್ತಿನ ಡಬ್ಬಿಯೊಳಗೆ ಕೂಡಿಸಿ, ಒಂದು ಕಡೆ ಮೈಕು, ಇನ್ನೊಂದು ಕಡೆ ಹೆಡ್‌ಫೋನು ಜೋಡಿಸಿದೆ. ಡಾಕ್ಟರ ಮಿಷನ್ ಬೇಡವೆಂದವರು ಇದನ್ನೂ ಬೇಡವೆಂದಾರು ಎಂದು ಹೆದರಿದ್ದೆ. ಮಾವನವರು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಳಿಯಂದಿರು ಕಟ್ಟಿದ್ದಲ್ಲವೇ, ಇರಲಿ ಎಂದರು. ಆ ಸಂಜೆ ಅವರು ನಡುಮನೆಯಲ್ಲಿ ಎಲ್ಲರ ನಡುವೆ ಕೂತರು. ಸಕ್ಕೂಬಾಯಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ತಾಮ್ರದ ತಂತಿ ಮಡಿಗೆಂದು ಅಲ್ಲೇ ಉಳಿಯಿತು. ಸೆಟ್ಟು ಡಬ್ಬಿಯಾಯಿತು. ನಾನು ಬರಿಗೈಯಲ್ಲಿ ಆದೋನಿಗೆ ಬಂದೆ. ಆಮೇಲೆ ಮದ್ರಾಸಿನ ರೇಡಿಯೋ ಗೆಳೆಯನೊಬ್ಬ ಸಿಕ್ಕಾಗ, ಆ ದಿನ ನಿನಗಿಂತ ಆ ಹೆಣ್ಣುಮಗಳ ದನಿ ಬಹಳ ಚೆನ್ನಾಗಿ ಕೇಳಿಸಿತು ಎಂದ.

ಮುಂದಿನ ಸಲ ಹೋದಾಗ ಮಾವನವರು ಊರ ಸುದ್ದಿಯೆಲ್ಲ ಕೇಳಿಸಿಕೊಂಡು ಗಲಗಲ ಮಾತಾಡುತ್ತಿದ್ದರು. ನನಗೆ ಹಿಗ್ಗು ತಡೆಯಲಿಲ್ಲ. ಎದುರಿಗೆ ಕೂತು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ಉಪಗ್ರಹ ಮೇಲೆ ಹೇಗೆ ಸುತ್ತುತ್ತದೆ ಎಂದು ಮೊದಲಿನಿಂದ ವಿವರಿಸತೊಡಗಿದೆ. ಅವರು ನನ್ನನ್ನು ಪ್ರೀತಿಯಿಂದ ನೋಡಿದರು, ಡಬ್ಬಿಯ ಗುಂಡಿಯನ್ನು ಮೆಲ್ಲಗೆ ಪೂರ್ತಿ ಎಡಕ್ಕೆ ತಿರುಗಿಸಿದರು, “ಹೂಂ, ಆಗಲಿ” ಎಂದರು.

ಆ ಗುಂಡಿ ಕೂಡಿಸಿ, ದನಿ ಬೇಡವೆನಿಸಿದಾಗ ಯಾವ ಕಡೆ ತಿರುಗಿಸಬೇಕೆಂದು ಕಲಿಸಿದವನು ನಾನೇ!