ಮಾಳಿಗೆಯ ಮೇಲಿನ ಹಿಮಾಲಯ

ಉಳವಪ್ಪನ ಫಜೀತಿ ಶುರುವಾದದ್ದು ತಾಯಿಯ ಮಮತೆಯಿಂದ. ಸರ್ವೆ ತಂಡದೊಡನೆ ಎರಡು ವರ್ಷ ಹಿಮಾಲಯದ ನಿರ್ಜನ ಕಣಿವೆಗಳಲ್ಲಿ ಹೊಳೆಗಳನ್ನು ಅಳೆದು, ಚಳಿಗೆ ಮೂಗಿನ ತುದಿ ಕಪ್ಪಾಗಿಸಿಕೊಂಡು ಧಾರವಾಡಕ್ಕೆ ಮರಳಿದ್ದ. ಒಪ್ಪಿಸಲು ಉಳಿದದ್ದು ನಕ್ಷೆಯೊಂದೇ. ಅದು ಬಿಳಿ ಸಾಹೇಬನಿಗೆ ಒಪ್ಪಿಗೆಯಾದರೆ ಇಲ್ಲಿಯ ಕಚೇರಿಯಲ್ಲೇ ಖಾಯಂ ಕುರ್ಚಿ. ಮತ್ತೆ ಆ ಹಿಮದ ಮುಖ ನೋಡಬೇಕಾಗಿರಲಿಲ್ಲ.

ಸಂಜೆಯೇ ಒಪ್ಪಿಸಬೇಕಿದ್ದ, ಬರೆದು ಮುಗಿಸಿದ ನಕ್ಷೆಯ ಕಾಗದವನ್ನು ಅರಿವೆಗೆ ಅಂಟಿಸಿ, ಅಂಟು ಆರಲೆಂದು ಬೆಳಿಗ್ಗೆ ಮಾಳಿಗೆಯ ಮೇಲೆ ಬೋರಲು ಹಾಸಿ ಅವನು ಕ್ಷೌರಕ್ಕೆ ಹೋದ. ಊರ ಸುದ್ದಿಯೆಲ್ಲ ಕೇಳಿ ಮರಳುವಾಗ ಹೊತ್ತು ಇಳಿದಿತ್ತು. ಇತ್ತ ತಾಯಿ ಶಿವಲಿಂಗವ್ವನಿಗೆ ಕಂಡದ್ದು ಬಿಗಿಯಾದ ಬಿಳಿ ಅರಿವೆ ಮಾತ್ರ. ಮಗ ಎರಡು ವರ್ಷ ಸಂಡಿಗೆ ತಿಂದಿಲ್ಲವೆಂದು ಮರುಗುತ್ತಿದ್ದ ಆಕೆ ಅದರ ತುಂಬ ಸಂಡಿಗೆ ಇಟ್ಟಳು. ಒಣಗಿದ ಮೇಲೆ, ಬಿಡಿಸಲು ಎಲ್ಲರೂ ಮಾಡುವಂತೆ, ಅರಿವೆ ತಿರುವಿ ಹಿಂಬದಿಗೆ ನೀರು ಚಿಮುಕಿಸಿದಳು. ಹಿಮಾಲಯವಿದ್ದದ್ದು ಆ ಹಿಂಬದಿಯಲ್ಲೇ.

ಕಪ್ಪು ಮಸಿಯ ಗುಡ್ಡಗಳು ಕದಲಲಿಲ್ಲ. ನೀಲಿ ಮಸಿಯ ಹೊಳೆಗಳು ಮಾತ್ರ ಹನಿ ಬಿದ್ದಲ್ಲೆಲ್ಲ ದುಂಡಗೆ ಹರಡಿಕೊಂಡವು.

“ಯವ್ವಾ, ಇದೇನ ಮಾಡಿದಿಬೇ!” ಉಳವಪ್ಪ ಕೂಗಿದ.

“ಸಂಡಗಿ ಮಾಡೇನಪಾ, ನಿನಗಂತನ.”

ಕೂಗು ಕೇಳಿ ನೆರೆಯವರು ಮಾಳಿಗೆ ಹತ್ತಿ ಬಂದರು. “ನಿಂಬಿಹಣ್ಣ ತಿಕ್ಕೋ, ಕಲಿ ಹೋಗ್ತೈತಿ,” ಎಂದಳು ಪಕ್ಕದ ಮನೆಯ ಸಾವಕ್ಕ. ತಿಕ್ಕಿದಾಗ ಎರಡು ಕಲೆಗಳು ಕೂಡಿ ಒಂದು ದೊಡ್ಡ ಕಲೆಯಾದವು. ಎದುರುಮನೆಯ ದಸ್ತಗೀರಸಾಬ, “ಸರೀರಿ, ಸುಣ್ಣ ಹಾಕಿದ್ರ ನೀರು ಹೀರ್ತೈತಿ,” ಎಂದು ಪುಡಿ ಉದುರಿಸಿದ. ಕಲೆಗಳ ಅಂಚು ಇನ್ನಷ್ಟು ಚೊಕ್ಕವಾಯಿತು.

ಸಂಜೆ ಕಚೇರಿಯಲ್ಲಿ ಉಳವಪ್ಪ ನಕ್ಷೆ ಬಿಚ್ಚಿದ. ಧಾರವಾಡದಲ್ಲಿ ಹತ್ತು ವರ್ಷ ಕಳೆದ ಸಾಹೇಬ ಇಲ್ಲಿಯವರಂತೆಯೇ ಮಾತಾಡುತ್ತಿದ್ದ. ಬಹಳ ಹೊತ್ತು ಬಗ್ಗಿ ನೋಡಿದ.

“ಉಳವಪ್ಪಾ, ಇಷ್ಟೊಂದು ಕೆರಿ! ಯಾವ ನಕ್ಷಾದಾಗೂ ಇಲ್ಲ! ಕಣ್ಣಾರೆ ನೋಡಿಯೇನ?”

ಸಂಡಿಗೆಯ ಕತೆ ಹೇಳಿದರೆ ನೌಕರಿಯೇ ಹೋಗುತ್ತದೆ. ಉಳವಪ್ಪ ಗೋಣು ಹಾಕಿದ. “ಹೌದ್ರಿ ಸಾಹೇಬ್ರ.”

“ಶಾಬಾಸ್! ಖಾಯಂ ನೌಕರಿ ನಿಂದ. ಆದ್ರ ಆಳ ಎಷ್ಟಂತ ಬರದಿಲ್ಲಲ್ಲ? ಅಲ್ಲಿ ಹಾದಿ ನಿನ್ನ ಬಿಟ್ಟ ಯಾರಿಗೂ ಗೊತ್ತಿಲ್ಲ. ಸೋಮವಾರದ ಗಾಡಿಗೆ ಹೊಂಡು, ಒಂದೊಂದರ ಆಳಾನೂ ಅಳದು ಬಾ.”

ಸುದ್ದಿ ಕೇಳಿ ಶಿವಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಒಲೆಯ ಮೇಲೆ ಎಸರಿಟ್ಟಳು.

“ಹಾದಿಗೆ ಇನ್ನಷ್ಟು ಸಂಡಗಿ ಮಾಡಿ ಕೊಡ್ತೇನಪಾ. ಅಂಥಾದ ಇನ್ನೊಂದ ಅರಿವಿ ಐತೇನ? ಭಾಳ ಛಲೋ ಒಣಗ್ತಾವು.”