ಬೆದೆಗೆ ಬಾರದ ಮಣಕ

ದನದ ಡಾಕ್ಟರನ ಬಾಳಿನಲ್ಲಿ ನಗುವೂ ಅಳುವೂ ನಡೆಯುತ್ತಲೇ ಇರುತ್ತವೆ. ದನಗಳು ನನ್ನನ್ನು ಎಂದೂ ನಗಿಸಿಲ್ಲ, ಅಳಿಸಿಯೂ ಇಲ್ಲ; ಅವೆರಡನ್ನೂ ಮಾಲೀಕರೇ ನೋಡಿಕೊಳ್ಳುತ್ತಾರೆ. ದೇವದುರ್ಗ ತಾಲ್ಲೂಕಿಗೆ ಬಂದ ಮೇಲೆ ಇನ್ನೂ ಕರು ಹಾಕದ ಒಂದು ಮಣಕವಂತೂ ನನ್ನ ಅರ್ಧ ಆಯುಷ್ಯ ತಿಂದಿತು. ಪಾಪ, ಅದಕ್ಕೆ ತಿನ್ನಲು ಬೇರೇನೂ ಸಿಕ್ಕಿರಲಿಲ್ಲ.

೧. ಮೊದಲು ದುಡಿಮೆ

ಜಾಲಹಳ್ಳಿ ಕಡೆಯ ಅವ್ವ ಒಬ್ಬಳು ಗಂಡನ ಜೊತೆ ಮಣಕ ಹೊಡೆದುಕೊಂಡು ಆಸ್ಪತ್ರೆಗೆ ಬಂದಳು. ಮೂರು ವರ್ಷ ದಾಟಿದರೂ ಅದು ಒಮ್ಮೆಯೂ ಬೆದೆಗೆ ಬಂದಿರಲಿಲ್ಲ. ದೂರದಿಂದಲೇ ಎಲುಬು ಎಣಿಸಬಹುದಿತ್ತು.

“ತವರುಮನಿಯಿಂದ ಕೊಟ್ಟದ್ದರೀ ಸಾಹೇಬ್ರ,” ಅವ್ವ ಮೆಲ್ಲಗೆ ಹೇಳಿದಳು. “ಮನ್ಯಾಗ ನಂದು ಅಂತ ಇರೂದು ಇದೊಂದ. ಹೆಂಗರ ಮಾಡಿ ಗಬ್ಬ ಆಗ್ಲಿ. ಇಲ್ಲಂದ್ರ ಇವ್ರು ಮಾರ್ತಾರ.”

ಹೊಟ್ಟೆ ಖಾಲಿ ಇದ್ದರೆ ಮಿದುಳು ಅಂಡಾಶಯಕ್ಕೆ ಹಾರ್ಮೋನಿನ ಕರೆ ಕಳಿಸುವುದಿಲ್ಲ, ಬೆದೆಯೂ ಬರುವುದಿಲ್ಲ ಎಂದು ವಿವರಿಸಿದೆ. “ಇದಕ್ಕ ಏನು ಹಾಕ್ತೀರವ್ವಾ?”

“ಎತ್ತು ತಿಂದು ಬಿಟ್ಟದ್ದರೀ.”

“ಎತ್ತು ಏನೂ ಬಿಡದಿದ್ರ?”

ಗಂಡನಿಗೆ ನನ್ನ ದಡ್ಡತನ ಕಂಡು ಮರುಕ ಬಂತು. “ಎತ್ತು ದುಡೀತಾವ್ರೀ. ಇದು ಕುಂತು ತಿನ್ನೂದು. ಒಂದು ಕರು ಹಾಕ್ಲಿ, ಮರುದಿನದಿಂದ ಹಿಂಡಿ ಹಾಕ್ತೀನಿ.”

೨. ಪುಡಿಯ ತಾಕತ್ತು

ಖನಿಜದ ಪುಡಿಯ ಚೀಲ ಕೊಟ್ಟು, ದಿನಾ ಮಣಕಕ್ಕೆ ತಿನ್ನಿಸಿ ಎಂದು ಕೈಮುಗಿದು ಹೇಳಿ ಕಳಿಸಿದೆ. ತಿಂಗಳ ಮೇಲೆ ಅವರ ಮನೆಗೆ ಹೋದೆ. ಎತ್ತುಗಳು ಮಿರಿಮಿರಿ ಮಿಂಚುತ್ತಿದ್ದವು. ಮಣಕ ಗೋಡೆಗೆ ಒರಗಿ ನಿಂತಿತ್ತು.

“ಬಾಳ ತಾಕತ್ತಿನ ಪುಡಿ ಅದರೀ,” ಗಂಡ ಮೆಚ್ಚಿ ನುಡಿದ. “ಎತ್ತಿಗಿ ಇಷ್ಟು ಜೋರು ಬಂದದ. ಇನ್ನ ಈ ಬಡಕಲು ಮಣಕಕ್ಕ ಹಾಕಿದ್ರ ತಡಕೊಂತದೇನ್ರೀ?”

ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಅದು ಕಿವಿಯಾದರೂ ಅಲ್ಲಾಡಿಸುತ್ತದೆ.

೩. ಶಕ್ತಿನಗರದ ಸಾಕ್ಷಿ

ಮುಂದಿನ ವಾರ ಅವನು ನನ್ನನ್ನು ಸೋಲಿಸಲು ಷಡ್ಡಕನನ್ನೇ ಕರೆತಂದ. ಆತ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸದವನು. ತನ್ನ ಮಣಕಕ್ಕೆ ಮೆಸ್ಸಿನಲ್ಲಿ ಉಳಿದ ಅನ್ನವನ್ನೆಲ್ಲ ಸುರಿಯುತ್ತಿದ್ದ. ಅದು ಊದಿಕೊಂಡಿತ್ತು, ಬೆದೆಗೆ ಮಾತ್ರ ಬಂದಿರಲಿಲ್ಲ.

“ಅತಿಯಾಗಿ ಕೊಬ್ಬಿದರೂ ಹಾರ್ಮೋನು ಕೆಡುತ್ತದೆ,” ಎಂದೆ.

ಗಂಡ ಗೆದ್ದವನಂತೆ ಷಡ್ಡಕನತ್ತ ನೋಡಿದ. “ಹಸಿದ್ರೂ ತಪ್ಪು, ಉಂಡ್ರೂ ತಪ್ಪು. ಸಾಹೇಬ್ರ, ನೀವು ಮೊದಲು ಒಂದು ಮಾತಿಗಿ ನಿಂದ್ರಿರಿ.”

ಅಂದು ಮನೆಗೆ ಹೋಗಿ ರಾಜೀನಾಮೆಯ ಮೊದಲ ಸಾಲು ಬರೆದೆ.

೪. ಮೈ ತುಂಬಿತು

ಕೊನೆಗೆ ಅವ್ವನೊಬ್ಬಳಿಗೇ ಹೇಳಿಕೊಟ್ಟೆ: ಹಸಿಮೇವು, ಹಿಡಿ ಹಿಂಡಿ, ಚಿಟಿಕೆ ಪುಡಿ. ಗಂಡ ಹೊಲಕ್ಕೆ ಹೋದ ಮೇಲೆ ಅವಳು ದಿನಾ ಕದ್ದು ತಿನ್ನಿಸಿದಳು. ಕೆಲವು ತಿಂಗಳಲ್ಲಿ ಮಣಕದ ಮೈ ತುಂಬಿತು. ಒಂದು ಸಂಜೆ, ಬೆದೆಗೆ ಬಂದು ಕೂಗುತ್ತಿದೆ ಎಂದು ಅವಳ ಫೋನ್ ಬಂತು. ನಾನು ರಾಯಚೂರಿನಲ್ಲಿ ಮೀಟಿಂಗಿನಲ್ಲಿದ್ದೆ. ಮರುದಿನ ಮಧ್ಯಾಹ್ನ ಕೃತಕ ಗರ್ಭಧಾರಣೆಯ ಸಾಮಾನು ಹಿಡಿದು ಓಡಿದೆ. ನನ್ನ ವಿದ್ಯೆ ಒಮ್ಮೆಯಾದರೂ ಗೆದ್ದಿತಲ್ಲ ಎಂಬ ಹಿಗ್ಗು.

ಗೂಟದಲ್ಲಿ ಬೇರೊಂದು ಮಣಕ. ಬರೀ ಎಲುಬು.

“ಬರ್ರಿ ಸಾಹೇಬ್ರ!” ಗಂಡ ಕುಣಿಯುತ್ತಲೇ ಬಂದ. “ನಿಮ್ಮ ಮಾತು ಖರೆ ಆತು. ಮೈ ತುಂಬಿ ಬೆದಿಗಿ ಬಂದಿತ್ತಲ್ರೀ, ಮುಂಜಾನಿ ಮಾನ್ವಿ ಸಂತ್ಯಾಗ ಗಿರಾಕಿ ಮುಗಿಬಿದ್ರು. ಅಗ್ಗಕ್ಕ ಸಿಕ್ತಂತ ಇದನ್ನ ತಂದೀನಿ. ಇದನ್ನೂ ಹಂಗ ಮಾಡಿಕೊಡ್ರಿ.”

ನನಗೆ ಅಳುವೇ ಬಂತು. ಗಂಡ ಚಹಾ ತರಲು ಹೊರಗೆ ಹೋದ. ಅವ್ವ ಹತ್ತಿರ ಬಂದಳು.

“ಸಾಹೇಬ್ರ, ಎಲುಬು ಹಿಂಗ ಕಾಣಂಗ ಇಟ್ಟು ಗಬ್ಬ ಮಾಡಾಕ ಬರ್ತದೇನ್ರೀ? ಮೈ ತುಂಬಿದ್ರ ಇದನ್ನೂ ಮಾರ್ತಾರ.”